ಕೀಲಿ ಬದಲಿಸಬಹುದು, ಬೆರಳನ್ನಲ್ಲ

ಬೆರಳಚ್ಚಿನ ಚಿತ್ರ ಅಳಿಸಿ, ಅದರ ಅಂಕಿರೂಪವನ್ನು ಗೂಢಲಿಪಿಯಲ್ಲಿ ಇಟ್ಟರೆ ಸಾಕು, ‘ರದ್ದುಮಾಡಬಹುದಾದ ಟೆಂಪ್ಲೇಟ್’ ದುಬಾರಿ ಕಸರತ್ತು ಎಂಬುದು ಕಳೆದ ಸಂಚಿಕೆಯ ಲೇಖನದ ವಾದ. ಗೂಢಲಿಪಿ ಬೇಕು ಎಂಬುದು ಸರಿ. ಸಾಕು ಎಂಬುದು ತಪ್ಪು.

ಅಂಕಿಗಳಿಂದ ಬೆರಳಚ್ಚು ಮರಳಿ ಬಾರದು ಎಂಬ ನಂಬಿಕೆ ಎಂದೋ ಬಿದ್ದುಹೋಗಿದೆ. ಗೆರೆಗಳು ಕವಲೊಡೆಯುವ, ಕೊನೆಯಾಗುವ ಬಿಂದುಗಳ ದಾಖಲೆಯಿಂದಲೇ ಯಂತ್ರವನ್ನು ವಂಚಿಸಬಲ್ಲ ಅಚ್ಚನ್ನು ಇಟಲಿಯ ಬೊಲೊನ್ಯಾ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲೇ ರಚಿಸಿ ತೋರಿಸಿದರು.

ಪಾಸ್‌ವರ್ಡಿನಂತೆ ಹ್ಯಾಶ್ ಮಾಡಿ, ಅಂದರೆ ಮರಳಿಸಲಾಗದ ಸಂಕೇತವಾಗಿಸಿ ಹೋಲಿಸೋಣವೆಂದರೆ, ಒಂದೇ ಬೆರಳನ್ನು ಎರಡು ಸಲ ಒತ್ತಿದರೂ ಅಚ್ಚು ತುಸು ಬೇರೆ, ಹ್ಯಾಶ್ ಪೂರ್ತಿ ಬೇರೆ. ಆದ್ದರಿಂದ ಸಾಮಾನ್ಯವಾಗಿ ಹೋಲಿಕೆಗೆ ಮುನ್ನ ಗೂಢಲಿಪಿ ಬಿಡಿಸಲೇಬೇಕು. ಕೀಲಿ ಕದ್ದವನಿಗೆ ಎಲ್ಲವೂ ಸಿಗುತ್ತದೆ. 2015ರಲ್ಲಿ ಬಯಲಾದ ಅಮೆರಿಕದ ಸಿಬ್ಬಂದಿ ನಿರ್ವಹಣಾ ಕಚೇರಿಯ ಕಳವಿನಲ್ಲಿ ಸುಮಾರು 56 ಲಕ್ಷ ಜನರ ಬೆರಳಚ್ಚು ಹೋಯಿತು. ಅವರು ಹೊಸ ಬೆರಳು ಎಲ್ಲಿಂದ ತಂದಾರು? ಲೇಖನ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ.

ಐಬಿಎಂನ ನಳಿನಿ ರಥ ಮತ್ತು ಸಂಗಡಿಗರು 2001ರಲ್ಲಿ ಮುಂದಿಟ್ಟ ‘ರದ್ದುಮಾಡಬಹುದಾದ ಟೆಂಪ್ಲೇಟ್’ ಉಪಾಯ ಇದಕ್ಕೇ. ಅಚ್ಚನ್ನು ಬೇಕೆಂದೇ ಒಂದು ಗೊತ್ತಾದ ರೀತಿಯಲ್ಲಿ ತಿರುಚಿ, ಅದನ್ನಷ್ಟೇ ಉಳಿಸುವುದು. ಹೋಲಿಕೆಯೂ ತಿರುಚಿದ ರೂಪದಲ್ಲೇ. ಸೋರಿದರೆ ತಿರುಚುವ ರೀತಿ ಬದಲಿಸಿ ಮರುನೋಂದಣಿ. ಬ್ಯಾಂಕಿಗೊಂದು, ಆಸ್ಪತ್ರೆಗೊಂದು ರೀತಿಯಿದ್ದರೆ ಎರಡು ಕಡತ ಜೋಡಿಸಿ ಒಬ್ಬರ ಬೆನ್ನುಹತ್ತುವುದೂ ಕಷ್ಟ.

ತಿರುಚಿದರೆ ನಿಖರತೆ ಕುಗ್ಗಬಹುದೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಅದು ಒಳ್ಳೆಯ ವಿಧಾನ ಆರಿಸಲು ಕಾರಣ, ಕೈಬಿಡಲು ಅಲ್ಲ. ಇಂಥ ಮಾಹಿತಿಯ ರಕ್ಷಣೆಗಿರುವ ಐಎಸ್‌ಒ 24745 ಮಾನದಂಡ ಮೂರು ಗುಣ ಕೇಳುತ್ತದೆ: ಮೂಲಕ್ಕೆ ಮರಳಿಸಲಾಗಬಾರದು, ಜೋಡಿಸಲಾಗಬಾರದು, ಬದಲಿಸಲು ಬರಬೇಕು. ಲೇಖಕರು ಮೆಚ್ಚಿದ ವ್ಯವಸ್ಥೆಯಲ್ಲಿ ಮೂರನೆಯದು ಇಲ್ಲವೇ ಇಲ್ಲ.