ಕತ್ತಲೆಕಾನಿನ ಕುಂಬಾರ

ಮಕ್ಕಳೇ, ಒಂದು ಗುಟ್ಟು ಹೇಳುತ್ತೇನೆ. ಎಂ.ಎಸ್ಸಿ. ಮುಗಿಸಿ ಕಪ್ಪೆಗಳ ಬಗ್ಗೆ ಸಂಶೋಧನೆ ಮಾಡಲು ಸೇರಿದಾಗಲೂ ನನಗೆ ಕತ್ತಲೆಯೆಂದರೆ ಭಯ. ಚಿಕ್ಕವಳಿದ್ದಾಗ ರಾತ್ರಿ ಹಿತ್ತಲಿನ ಬಚ್ಚಲಿಗೆ ಹೋಗಬೇಕೆಂದರೆ ಅಜ್ಜಿ ಜೊತೆಗೆ ಬರಬೇಕು. ಬಂದರೆ ಸಾಲದು, ಹೊರಗೆ ನಿಂತು ಮಾತಾಡುತ್ತಲೇ ಇರಬೇಕು. ಮಾತು ನಿಂತರೆ ‘ಅಜ್ಜೀ, ಇದ್ದೀಯಾ?’ ಎಂದು ಕೂಗುತ್ತಿದ್ದೆ.

ಕಪ್ಪೆಗಳನ್ನು ಹುಡುಕುವುದೋ ರಾತ್ರಿ ಹೊತ್ತು! ಅದು ಗೊತ್ತಿದ್ದೂ ಸೇರಿದ್ದೆ. ಸಿಕ್ಕ ಕಾಡಿನ ಹೆಸರು ಕೇಳಿ: ಕತ್ತಲೆಕಾನು. ಉತ್ತರ ಕನ್ನಡ ಜಿಲ್ಲೆಯ ಈ ಕಾಡಿನಲ್ಲಿ ರಾಂಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ನೀರು ನಿಂತ ಜೌಗು ನೆಲ. ಅಲ್ಲಿನ ಮರಗಳ ಬೇರುಗಳು ಮಡಚಿದ ಮೊಣಕಾಲಿನಂತೆ ಕೆಸರಿನಿಂದ ಮೇಲೆದ್ದಿರುತ್ತವೆ. ಹಗಲಲ್ಲಿ ನೋಡಲು ಚಂದ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಅವುಗಳ ನೆರಳು ಅಲುಗಾಡಿದರೆ... ಬಿಡಿ, ಈಗ ಬೇಡ.

ಮೊದಲ ರಾತ್ರಿ ‘ಟಾರ್ಚಿನ ಸೆಲ್ ಮುಗೀತು’ ಎಂದು ಸುಳ್ಳು ಹೇಳಿ ಹಿಂದಿರುಗಿದೆ. ಎರಡನೇ ರಾತ್ರಿ ತಲೆನೋವು. ಮೂರನೇ ಸಂಜೆ, ದಾರಿ ತೋರಿಸಲು ಬರುತ್ತಿದ್ದ ಊರಿನ ಹಿರಿಯರು ಕವಳ ಹಾಕುತ್ತಾ, ‘ತಂಗೀ, ಹೆದ್ರಿಕೆ ಆಗ್ತದಾ?’ ಎಂದು ಕೇಳಿಯೇಬಿಟ್ಟರು. ಹೌದೆಂದು ತಲೆಯಾಡಿಸಿದೆ. ಅವರು ನಗಲಿಲ್ಲ. ‘ಹಾಗಾದ್ರೆ ಇವತ್ತು ಹುಡುಕೂದು ಬೇಡ. ಸುಮ್ನೆ ಕೂತು ಕೇಳುವ’ ಎಂದರು.

ಹಳ್ಳದ ಪಕ್ಕದ ಕಲ್ಲಿನ ಮೇಲೆ ಕೂತು ಇಬ್ಬರೂ ಟಾರ್ಚ್ ಆರಿಸಿದೆವು. ಮೊದಲು ಕೇಳಿಸಿದ್ದು ನನ್ನ ಎದೆಯ ಡವಡವ ಮಾತ್ರ. ಅವರು ಮೆಲ್ಲಗೆ ಒಂದೊಂದೇ ಸದ್ದಿನ ಹೆಸರು ಹೇಳತೊಡಗಿದರು. ಇದು ಜೀರುಂಡೆ. ಇದು ಎಲೆಯಿಂದ ತೊಟ್ಟಿಕ್ಕುವ ನೀರು. ಹೆಸರು ಗೊತ್ತಾದ ಸದ್ದು ಮತ್ತೆ ಹೆದರಿಸಲಿಲ್ಲ. ಅಷ್ಟರಲ್ಲಿ ‘ಟಕ್... ಟಕ್...’ ಯಾರೋ ಮರ ಬಡಿದ ಹಾಗೆ! ‘ಇದು?’ ಎಂದೆ. ‘ಅದನ್ನ ನೀನೇ ನೋಡು’ ಎಂದರು.

ನೋಡಿದೆ. ಹೆಬ್ಬೆರಳಿನಷ್ಟು ದೊಡ್ಡ ಕಪ್ಪೆ. ನೀರಿನ ಮೇಲೆ ಬಾಗಿದ ಕಡ್ಡಿಗೆ ಮೊಟ್ಟೆಗಳು ಅಂಟಿದ್ದವು. ಗಂಡು ಕಪ್ಪೆ ಹಿಂಗಾಲಿನ ಮೇಲೆ ನಿಂತು, ಮುಂಗಾಲಿನಲ್ಲಿ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತಿತ್ತು. ಥೇಟ್ ನಮ್ಮಜ್ಜಿ ತುಳಸಿಕಟ್ಟೆಗೆ ಮಣ್ಣು ಮೆತ್ತಿದಂತೆ! ಮೊಟ್ಟೆಗಳು ಒಣಗದಿರಲೆಂದೋ, ಶತ್ರುಗಳ ಕಣ್ಣಿಗೆ ಬೀಳದಿರಲೆಂದೋ ಇರಬಹುದು ಎನ್ನುತ್ತಾರೆ. ಇದೇ ಕುಂಬಾರ ಕಪ್ಪೆ. 2014ರಲ್ಲಿ ವಿಜ್ಞಾನಿಗಳು ಇದನ್ನು ಹೊಸ ಪ್ರಭೇದವೆಂದು ಜಗತ್ತಿಗೆ ತಿಳಿಸಿದಾಗ ಕನ್ನಡ ಪದವನ್ನೇ ಇಟ್ಟರು: ನಿಕ್ಟಿಬ್ಯಾಟ್ರಕಸ್ ಕುಂಬಾರ. ಎಲ್ಲಿಯ ವಿಜ್ಞಾನಿಯೇ ಆಗಲಿ, ಇದನ್ನು ಕರೆಯಬೇಕಾದರೆ ‘ಕುಂಬಾರ’ ಎನ್ನಲೇಬೇಕು!

ಎಷ್ಟು ಹೊತ್ತು ಕೂತಿದ್ದೆನೋ ತಿಳಿಯದು. ಕಾಲಿಗೆ ಮೂರು ಉಂಬಳ ಹತ್ತಿದ್ದು ಕೂಡ ಗೊತ್ತಾಗಲಿಲ್ಲ. ಕೊನೆಗೆ ಟಾರ್ಚಿನ ಸೆಲ್ ನಿಜವಾಗಿಯೂ ಮುಗಿದು ಸುತ್ತಲೂ ಕಪ್ಪಾಯಿತು. ‘ಛೇ, ಇನ್ನೂ ನೋಡುವುದಿತ್ತಲ್ಲ’ ಎಂದು ಬೇಸರವಾಯಿತು. ಹೆದರಬೇಕಿತ್ತು ಎಂಬುದು ನೆನಪಾದದ್ದು ಬಿಡಾರಕ್ಕೆ ಬಂದ ಮೇಲೆ.

ಮರುದಿನ ಅಜ್ಜಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಕುಂಬಾರನ ಕಥೆಯನ್ನು ಪೂರ್ತಿ ಕೇಳಿಸಿಕೊಂಡು, ‘ಅದೆಲ್ಲ ಸರಿ ಪುಟ್ಟೀ, ಅಲ್ಲಿ ನಿನ್ನ ಜೊತೆ ಬಚ್ಚಲಿಗೆ ಯಾರು ಬರ್ತಾರೆ?’ ಎಂದು ಕೇಳಿದರು.

ಹಾಡು ಗುನುಗಿಕೊಂಡು ಒಬ್ಬಳೇ ಹೋಗುತ್ತೇನೆ ಎಂದೆ. ಸ್ವಲ್ಪ ಜೋರಾಗಿಯೇ ಗುನುಗುತ್ತೇನೆ ಎಂದು ಮಾತ್ರ ಹೇಳಲಿಲ್ಲ.