ಬೇಸಿಗೆ ಶಿಬಿರದ ಪಟ್ಟಿಯಲ್ಲಿ ಮೊದಲ ಹೆಸರು ಯಾರದು?

ರೋಹಿಣಿ ಮಳೆ ಸುರಿದ ಮೇಲೆ ನೇಗಿಲಿನ ಗುಳ ತಟ್ಟಿಸಲು ಕುಲುಮೆಗೆ ಓಡುವವನನ್ನು ಊರಿನವರು ಒಳ್ಳೆಯ ಬೇಸಾಯಗಾರನೆಂದು ಕರೆಯುವುದಿಲ್ಲ. ಮಾಗಿ ಉಳುಮೆ ಮುಗಿಸಿ, ತಿಪ್ಪೆಯ ಗೊಬ್ಬರವನ್ನು ಹೊಲಕ್ಕೆ ಹೊಡೆದು, ಬಿತ್ತನೆಯ ಕಾಳನ್ನು ಆರಿಸಿ ಎತ್ತಿಟ್ಟವನಿಗೆ ಮಾತ್ರ ಮಳೆಯ ಹದ ದಕ್ಕುತ್ತದೆ. ಹೊಲದ ವಿಷಯದಲ್ಲಿ ಇಷ್ಟೊಂದು ಮುಂದಾಲೋಚನೆ ಉಳ್ಳ ನಮ್ಮ ಗ್ರಾಮೀಣ ಸದ್ಭಕ್ತರು ಮಕ್ಕಳ ಬೇಸಿಗೆ ರಜೆಯ ವಿಷಯಕ್ಕೆ ಬಂದಾಗ ಮಾತ್ರ 'ರಜೆ ಬಂದಾಗ ನೋಡಿದರಾಯಿತು' ಎಂದು ಸುಮ್ಮನಿರುವುದನ್ನು ನಾವು ಕಾಣುತ್ತಿದ್ದೇವೆ. ಒಂದು ವರ್ಷದ ಫಸಲು ಕೈಕೊಟ್ಟರೆ ಮರುವರ್ಷ ಬೆಳೆದುಕೊಳ್ಳಬಹುದು. ಮಗುವಿನ ಕಳೆದುಹೋದ ವಯಸ್ಸು ಮರಳಿ ಬರುವುದುಂಟೇ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ರಾಜ್ಯದ ಶಾಲೆಗಳಿಗೆ ಏಪ್ರಿಲ್ 11ರಿಂದ ಮೇ 28ರವರೆಗೆ ಬೇಸಿಗೆ ರಜೆ ದೊರೆಯುತ್ತ ಬಂದಿದೆ. ಎಣಿಸಿದರೆ 48 ದಿನಗಳು. ಅಶ್ವಿನಿ ಮಳೆಯ ಹೊಸ್ತಿಲಲ್ಲಿ ಮುಚ್ಚಿದ ಶಾಲೆಯ ಬಾಗಿಲು ಭರಣಿ, ಕೃತ್ತಿಕೆಗಳು ಕಳೆದು ರೋಹಿಣಿ ಕಾಲಿಟ್ಟ ಮೇಲೆಯೇ ತೆರೆಯುತ್ತದೆ. ಮಗುವಿನ ಪಾಲಿಗೆ ಇದು ಸಣ್ಣ ಅವಧಿಯಲ್ಲ. ಈ ದಿನಗಳಲ್ಲಿ ಒಮ್ಮೆಯೂ ಪುಸ್ತಕ ಹಿಡಿಯದ ಮಗು ಜೂನ್ ತಿಂಗಳಲ್ಲಿ ಹಳೆಯ ಪಾಠದ ಸಾಲುಗಳಲ್ಲೇ ತಡವರಿಸುವುದನ್ನು ಪ್ರತಿಯೊಬ್ಬ ಶಿಕ್ಷಕರೂ ಬಲ್ಲರು.

ಪಟ್ಟಣದ ತಂದೆತಾಯಿಗಳು ಈ ಮಾತನ್ನು ಬೇಗನೆ ಅರಿತರು. ಮೈಸೂರಿನ ರಂಗಾಯಣದಲ್ಲಿ ಪ್ರತಿ ಬೇಸಿಗೆ ನಡೆಯುವ 'ಚಿಣ್ಣರ ಮೇಳ'ದ ಅರ್ಜಿಗಾಗಿ ಪೋಷಕರು ಸಾಲುಗಟ್ಟಿ ನಿಂತದ್ದುಂಟು. ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಬಾಲಭವನವೂ ಬೇಸಿಗೆ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅಲ್ಲಿ ಚಿತ್ರ ಬರೆಯುವ, ಮಣ್ಣಿನಲ್ಲಿ ಗೊಂಬೆ ಮಾಡುವ, ನಾಟಕ ಆಡುವ ಮಕ್ಕಳನ್ನು ಕಂಡರೆ ಯಾರಿಗಾದರೂ ಸಂತೋಷವಾಗುತ್ತದೆ. ಆದರೆ ಆ ಸಾಲಿನಲ್ಲಿ ನಿಲ್ಲಲು ಬಿಡುವು ಬೇಕು, ಸುದ್ದಿ ತಿಳಿಯಬೇಕು, ಹಲವು ಕಡೆ ಶುಲ್ಕ ತೆರುವ ಶಕ್ತಿಯೂ ಬೇಕು. ಬೆಳಗಾದರೆ ಕೂಲಿಗೆ ಹೋಗುವ ತಾಯಿಗೆ ಇವು ಮೂರೂ ಇಲ್ಲ.

ನಮ್ಮ ಹಿರಿಯರು ಇದಕ್ಕೊಂದು ಉತ್ತರವನ್ನು ಸಿದ್ಧವಾಗಿ ಇಟ್ಟುಕೊಂಡಿರುತ್ತಾರೆ. 'ಬುದ್ಧಿ, ನಮ್ಮ ಕಾಲದಲ್ಲಿ ಯಾವ ಶಿಬಿರವಿತ್ತು? ದನ ಕಾಯ್ದೆವು, ಬಾವಿಯಲ್ಲಿ ಈಜಿದೆವು, ಅಜ್ಜಿಯ ಊರಿಗೆ ಹೋಗಿ ಬಂದೆವು. ನಾವೇನು ಕೆಟ್ಟೆವೇ?' ಎಂದು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಆದರೆ ಅಂದು ಬಾವಿಯ ದಂಡೆಯ ಮೇಲೆ ಸೋದರಮಾವ ನಿಂತಿರುತ್ತಿದ್ದ. ಮಗುವಿನ ಸೊಂಟಕ್ಕೆ ಹಗ್ಗವನ್ನೋ ಒಣಗಿದ ಸೋರೆಬುರುಡೆಯನ್ನೋ ಕಟ್ಟಿಯೇ ನೀರಿಗೆ ಇಳಿಸುತ್ತಿದ್ದ. ಜಗುಲಿಯ ಮೇಲೆ ಅಜ್ಜಿ ಕಥೆ ಹೇಳುತ್ತಿದ್ದಳು. ಕಣದಲ್ಲಿ ಅಜ್ಜ ಲೆಕ್ಕ ಕಲಿಸುತ್ತಿದ್ದ. ಆ ಶಿಬಿರಕ್ಕೆ ಹೆಸರಿರಲಿಲ್ಲ, ಗುರುಗಳು ಮಾತ್ರ ಇದ್ದರು. ಇಂದು ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಮಾವ ಬೆಂಗಳೂರು ಸೇರಿದ್ದಾನೆ, ಅಜ್ಜಿಯೂ ಕೂಲಿಗೆ ಹೋಗುತ್ತಾಳೆ. ಮನೆಯಲ್ಲಿ ಉಳಿದದ್ದು ಮಗು ಮತ್ತು ಮೊಬೈಲು.

ಹೀಗೆ ಯಾರ ಕಣ್ಗಾವಲೂ ಇಲ್ಲದ ದಿನಗಳಲ್ಲಿ ಏನೇನು ನಡೆಯುತ್ತದೆ ಎಂಬುದನ್ನು ಹೇಳಲು ನಮಗೆ ನೋವಾಗುತ್ತದೆ. 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯಲ್ಲಿ ತೋಡಿದ ಕೃಷಿಹೊಂಡಗಳು ಎಷ್ಟೋ ಮಳೆಯಾಶ್ರಿತ ಹೊಲಗಳ ಬೆಳೆಯನ್ನು ಕಾಪಾಡಿವೆ. ಆದರೆ ಅವುಗಳ ಇಳಿಜಾರಿಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಬಹಳ ಜಾರುತ್ತದೆ. ಕಾಲು ಜಾರಿ ಬಿದ್ದ ಮಗು ಮೇಲೇರಲು ಹಿಡಿಯುವುದಕ್ಕೆ ಒಂದು ಬೇರೂ ಅಲ್ಲಿರುವುದಿಲ್ಲ. ಬೇಸಿಗೆ ಬಂತೆಂದರೆ ಇಂಥ ಹೊಂಡಗಳಲ್ಲಿ, ಕಾಲುವೆಗಳಲ್ಲಿ, ಕೆರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ಹೊಂಡಕ್ಕೆ ಬೇಲಿ ಹಾಕದ ಹೊಲದ ಒಡೆಯನೂ ಮಕ್ಕಳನ್ನು ವಿಚಾರಿಸದ ಊರೂ ಈ ಪಾಪದಲ್ಲಿ ಪಾಲುದಾರರು.

ಇನ್ನೂ ಎರಡು ಮಾತುಗಳಿವೆ. 14 ವರ್ಷದೊಳಗಿನ ಮಗುವನ್ನು ಕೂಲಿಗೆ ಹಚ್ಚುವುದು ಅಪರಾಧವೆಂದು 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುತ್ತದೆ. ರಜೆಯಲ್ಲಿ ತನ್ನ ಮನೆಯ ಕೆಲಸಕ್ಕೆ, ಅದೂ ಅಪಾಯವಿಲ್ಲದ ಕೆಲಸಕ್ಕೆ, ಮಗು ನೆರವಾಗುವುದು ಬೇರೆ. ಇಟ್ಟಿಗೆ ಗೂಡಿಗೆ ಕಳುಹಿಸುವುದು ಬೇರೆ. ಒಂದು ತಿಂಗಳಿಗೆಂದು ಹೋದ ಹುಡುಗ ಕೈಯಲ್ಲಿ ಕಾಸು ಕಂಡ ಮೇಲೆ ಶಾಲೆಗೆ ಮರಳುವುದು ಕಷ್ಟ. ಇನ್ನು ಹೆಣ್ಣುಮಕ್ಕಳ ಮಾತು. ಬಸವ ಜಯಂತಿಯೂ ಅಕ್ಷಯ ತೃತೀಯವೂ ಒಂದೇ ತಿಥಿಗೆ, ಈ ರಜೆಯ ನಡುವೆಯೇ ಬರುತ್ತವೆ. ಒಳ್ಳೆಯ ಮುಹೂರ್ತವೆಂದು 18 ತುಂಬದ ಮಗಳನ್ನು ಹಸೆಮಣೆಗೆ ಏರಿಸುವವರು ಇಂದಿಗೂ ಇದ್ದಾರೆ. ಸ್ತ್ರೀಯರಿಗೆ ಸಮಾನ ಗೌರವ ಕೊಟ್ಟ ಮಹಾತ್ಮರ ಜಯಂತಿಯಂದೇ ಇಂಥ ಕೃತ್ಯ ನಡೆಯುವುದಕ್ಕಿಂತ ದೊಡ್ಡ ಅಪಚಾರ ಯಾವುದು? ಶಾಲೆ ನಡೆಯುವಾಗ ಹುಡುಗಿ ಬಾರದಿದ್ದರೆ ಮೇಷ್ಟ್ರು ವಿಚಾರಿಸುತ್ತಾರೆ. ರಜೆಯಲ್ಲಿ ಯಾರು ವಿಚಾರಿಸಬೇಕು?

ಆದ್ದರಿಂದಲೇ ಪ್ರತಿ ಗ್ರಾಮವೂ ತನ್ನದೇ ಆದ ಬೇಸಿಗೆ ಶಿಬಿರವನ್ನು ನಡೆಸಬೇಕೆಂದು ನಾವು ಹೇಳುತ್ತೇವೆ. ಅದಕ್ಕೆ ಲಕ್ಷಗಟ್ಟಲೆ ಹಣ ಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳನ್ನು ಈಗ 'ಅರಿವು ಕೇಂದ್ರ'ಗಳೆಂದು ಕರೆಯುತ್ತಾರೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆತಿದೆ. ಹಲವು ಕೇಂದ್ರಗಳಲ್ಲಿ ಬೇಸಿಗೆ ಶಿಬಿರಗಳೂ ನಡೆದಿವೆ. ಶಾಲೆಯ ಜಗುಲಿ, ಸಮುದಾಯ ಭವನ, ಮಠದ ಅಂಗಳ, ಯಾವುದಾದರೂ ಆದೀತು. ಶಾಲೆಯ ಎಸ್‌ಡಿಎಂಸಿ ಸದಸ್ಯರನ್ನೂ ಮುಖ್ಯೋಪಾಧ್ಯಾಯರನ್ನೂ ಮೊದಲೇ ಕಂಡು ಒಪ್ಪಿಗೆ ಪಡೆಯಬೇಕು.

ಇದಕ್ಕೆ ಕಾಲವನ್ನೂ ನಾವೇ ಸೂಚಿಸುತ್ತೇವೆ. ಮಹಾಶಿವರಾತ್ರಿಯ ಜಾಗರಣೆಗೆ ಊರೆಲ್ಲ ದೇವಸ್ಥಾನದಲ್ಲಿ ಕೂಡುತ್ತದೆ. ಆ ರಾತ್ರಿ ಭಜನೆಯ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಶಿಬಿರದ ನಿರ್ಧಾರ ಮಾಡಿರಿ. ಯಾರು ಕಲಿಸುವವರು, ಯಾರು ನೋಡಿಕೊಳ್ಳುವವರು ಎಂಬುದನ್ನು ಅಂದೇ ಗೊತ್ತುಪಡಿಸಿರಿ. ಯುಗಾದಿಯ ಹೊತ್ತಿಗೆ ಹೆಸರು ಬರೆಯುವುದು ಮುಗಿಯಲಿ.

ಈಗ ನಮ್ಮ ಮುಖ್ಯ ಮಾತಿಗೆ ಬರುತ್ತೇವೆ. ಹೆಸರು ಬರೆಯುವಾಗ ಡಂಗುರ ಸಾರಿಸಿ, 'ಬೇಕಾದವರು ಬಂದು ಬರೆಸಿ' ಎಂದು ಮೇಜಿನ ಹಿಂದೆ ಕುಳಿತರೆ ಬರುವವರು ಯಾರೆಂಬುದು ನಮಗೆ ಗೊತ್ತು. ಗೌಡರ ಮನೆಯ ಮೊಮ್ಮಗ, ಅಂಗಡಿಯವರ ಮಗಳು, ಮೇಷ್ಟ್ರ ಮಗ ಬರುತ್ತಾರೆ. ಅವರು ಬರಬಾರದೆಂದಲ್ಲ. ಆದರೆ ಶಿಬಿರವಿಲ್ಲದಿದ್ದರೂ ಆ ಮಕ್ಕಳನ್ನು ನೋಡಿಕೊಳ್ಳುವವರಿದ್ದಾರೆ. ಆದಕಾರಣ ಪುಸ್ತಕವನ್ನು ಕೈಯಲ್ಲಿ ಹಿಡಿದು ಹಿರಿಯರೇ ಹೊರಡಬೇಕು. ಊರಿನ ಕಟ್ಟಕಡೆಯ ಕೇರಿಯಿಂದ, ಕಡೆಯ ಮನೆಯಿಂದ ಆರಂಭಿಸಬೇಕು. ಕೂಲಿಯವರ ಮಗು, ತಂದೆಯಿಲ್ಲದ ಮಗು, ಕಿವಿ ಕೇಳದ ಮಗು, ಓದು ಬಿಟ್ಟು ಕೂತ ಹುಡುಗಿ, ಇವರ ಹೆಸರುಗಳು ಮೊದಲ ಪುಟದಲ್ಲಿರಲಿ. ತಾಯಿ ಸಂಜೆ ಕೆಲಸದಿಂದ ಬಂದ ಮೇಲೆ ಹೋಗಿ ಮಾತನಾಡಿಸಿರಿ. ಮಗುವಿನ ವಯಸ್ಸು, ಕಾಯಿಲೆ ಇದ್ದರೆ ಅದರ ವಿವರ, ಮನೆಯವರ ದೂರವಾಣಿ ಸಂಖ್ಯೆ, ಯಾರೊಡನೆ ಮನೆಗೆ ಮರಳುತ್ತದೆ ಎಂಬುದನ್ನು ಬರೆದುಕೊಳ್ಳಿರಿ. ಪಟ್ಟಿಯಲ್ಲಿದ್ದ ಹುಡುಗಿ ಎರಡು ದಿನ ಬಾರದಿದ್ದರೆ ಮೂರನೆಯ ದಿನ ಅವಳ ಮನೆಗೆ ಹೋಗಿರಿ. ಮದುವೆಯ ಸಿದ್ಧತೆ ಕಂಡರೆ ತಿಳಿಹೇಳಿರಿ. ಕೇಳದಿದ್ದರೆ 1098ಕ್ಕೆ ದೂರವಾಣಿ ಮಾಡಲು ಹಿಂಜರಿಯಬೇಡಿರಿ.

ಶಿಬಿರ 15 ದಿನ ನಡೆದರೆ ಸಾಕು. ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ, ಬಿಸಿಲು ಏರುವ ಮೊದಲು ಮುಗಿಯಲಿ. ಬಡಗಿ ಉಳಿ ಹಿಡಿಯುವುದನ್ನು, ಕುಂಬಾರ ಮಣ್ಣು ಹದ ಮಾಡುವುದನ್ನು ತೋರಿಸಲಿ. ಮಳೆ ನಕ್ಷತ್ರಗಳ ಹೆಸರು ಬಲ್ಲ ಅಜ್ಜ, ಅಳಗುಳಿ ಮಣೆ ಆಡಿಸುವ ಅಜ್ಜಿ ಬಂದು ಕೂರಲಿ. ದಿನಕ್ಕೊಂದು ಗಂಟೆ ಗ್ರಂಥಾಲಯದ ಪುಸ್ತಕವನ್ನು ಗಟ್ಟಿಯಾಗಿ ಓದಿಸಿರಿ. ಈಜು ಬಲ್ಲವರು ಕಾವಲಿದ್ದು ನೀರಿನ ಅಪಾಯವನ್ನು ತಿಳಿಸಿಕೊಡಲಿ. ಹೆಣ್ಣುಮಕ್ಕಳಿರುವುದರಿಂದ ಸದಾ ಒಬ್ಬಿಬ್ಬರು ತಾಯಂದಿರು ಜೊತೆಗಿರಲೇಬೇಕು.

ಊಟದ ಮಾತನ್ನು ಮರೆಯಬಾರದು. 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟವನ್ನೇ ನಂಬಿದ ಮಕ್ಕಳಿಗೆ ರಜೆಯೆಂದರೆ ಹಸಿವೂ ಹೌದು. ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದ ಮೇಲೆ 2024ರ ಬೇಸಿಗೆ ರಜೆಯಲ್ಲಿಯೂ ಬಿಸಿಯೂಟ ಕೊಡುವ ವ್ಯವಸ್ಥೆಯನ್ನು ಸರ್ಕಾರ ಮಾಡಿತ್ತು. ಎಲ್ಲ ವರ್ಷವೂ ಸರ್ಕಾರದ ದಾರಿ ಕಾಯಬೇಕೇ? ದಿನಕ್ಕೊಂದು ಮನೆಯವರು ಮಜ್ಜಿಗೆ, ಮುದ್ದೆ, ಸಾರು ಅಥವಾ ಚಿತ್ರಾನ್ನದ ಹೊಣೆ ಹೊತ್ತರೆ 15 ದಿನ ಕಳೆಯುವುದು ಯಾರಿಗೂ ಭಾರವಲ್ಲ. ಎಲ್ಲ ಕೇರಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಲಿ. ದಾಸೋಹವೆಂದರೆ ಇದೇ.

ಮಕ್ಕಳನ್ನು ಪಟ್ಟಣದ ಶಿಬಿರಗಳಿಗೋ ಮಠಗಳ ಸಂಸ್ಕಾರ ಶಿಬಿರಗಳಿಗೋ ಕಳುಹಿಸುವ ಭಕ್ತರಿಗೂ ಒಂದು ಮಾತು. ಬಣ್ಣದ ಕರಪತ್ರವನ್ನು ಕಂಡು ಹಣ ಕಟ್ಟಬೇಡಿರಿ. ಮಠದ ಹೆಸರು ಕಂಡೊಡನೆ ಕಣ್ಣು ಮುಚ್ಚಿಯೂ ಬಿಡಬೇಡಿರಿ. ಕಲಿಸುವವರು ಯಾರು, ಒಬ್ಬರಿಗೆ ಎಷ್ಟು ಮಕ್ಕಳು, ರಾತ್ರಿ ತಂಗುವಲ್ಲಿ ಯಾರು ಇರುತ್ತಾರೆ, ಮಗು ಅಮ್ಮನೊಡನೆ ಮಾತನಾಡಬೇಕೆಂದರೆ ಬಿಡುತ್ತಾರೆಯೇ, ಜ್ವರ ಬಂದರೆ ಎಲ್ಲಿಗೆ ಒಯ್ಯುತ್ತಾರೆ ಎಂದು ವಿಚಾರಿಸಿರಿ. ಕೇಳುವುದು ಅವಿನಯವಲ್ಲ. ಮಗುವಿಗೆ ಒಪ್ಪಿಗೆ ಇದೆಯೇ ಎಂಬುದನ್ನೂ ಕೇಳಿರಿ. 48 ದಿನಗಳನ್ನೂ ತರಗತಿಗಳಿಂದ ತುಂಬಿ ರಜೆಯನ್ನು ಇನ್ನೊಂದು ಶಾಲೆಯಾಗಿಸಬೇಡಿರಿ. ಮಾವಿನ ಮರಕ್ಕೂ ಅಜ್ಜಿಯ ತೊಡೆಗೂ ಕೆಲವು ದಿನಗಳು ಉಳಿಯಲಿ.

ಶಾಲೆ ಮತ್ತೆ ತೆರೆದ ದಿನ ಮೇಷ್ಟ್ರು ಹಾಜರಿ ಕೂಗುವಾಗ ಏಪ್ರಿಲ್ಲಿನಲ್ಲಿ ಇದ್ದ ಪ್ರತಿ ಹೆಸರಿಗೂ 'ಬಂದಿದ್ದೇನೆ' ಎಂಬ ಉತ್ತರ ಬರಬೇಕು. ಒಂದು ಹೆಸರಿಗೂ ಮೌನ ಉತ್ತರವಾಗದಂತೆ ನೋಡಿಕೊಳ್ಳುವುದು ಊರಿನ ಹಿರಿಯರ ಕಾಯಕ. ಈ ಕಾಯಕಕ್ಕೆ ಕೈಹಚ್ಚುವ ಸಕಲ ಸದ್ಭಕ್ತರಿಗೂ, ಅವರ ಮನೆಯ ಮಕ್ಕಳಿಗೂ, ಮನೆಯಿಲ್ಲದವರ ಮಕ್ಕಳಿಗೂ ಶುಭವಾಗಲೆಂದು ಹಾರೈಸುತ್ತೇವೆ.