ಹತ್ತೊಂಬತ್ತರ ಡಿಫೆಂಡರ್ ಎಲ್ಲಿ ಆಡಬೇಕು?

2012ರ ಜೂನ್ 22ರಂದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಎನ್‌ಎಚ್‌ಎಲ್ ಡ್ರಾಫ್ಟ್ ಐಸ್ ಹಾಕಿ ಬಲ್ಲವರ ಮಾತಿನಲ್ಲಿ ಈಗಲೂ ಆಗಾಗ ಬರುತ್ತದೆ. ಎನ್‌ಎಚ್‌ಎಲ್ ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯ ಅತ್ಯುನ್ನತ ಲೀಗ್. ಪ್ರತಿ ವರ್ಷ ಅದರ ಕ್ಲಬ್‌ಗಳು 18ರ ಆಸುಪಾಸಿನ ಹುಡುಗರನ್ನು ಸರದಿಯಂತೆ ಆರಿಸಿಕೊಳ್ಳುತ್ತವೆ. ಆ ವರ್ಷ ಮೊದಲ ಹತ್ತು ಆಯ್ಕೆಗಳಲ್ಲಿ ಎಂಟು ಮಂದಿ ಡಿಫೆಂಡರ್‌ಗಳೇ ಆಗಿದ್ದರು: ರಯಾನ್ ಮರ್ರೆ, ಗ್ರಿಫಿನ್ ರೈನ್‌ಹಾರ್ಟ್, ಮಾರ್ಗನ್ ರೈಲಿ, ಹಾಂಪಸ್ ಲಿಂಡ್‌ಹೋಮ್, ಮ್ಯಾಥ್ಯೂ ಡಂಬಾ, ಡೆರಿಕ್ ಪೂಲಿಯೊ, ಜೇಕಬ್ ಟ್ರೂಬಾ, ಸ್ಲೇಟರ್ ಕೂಕೂ.

ರೈಲಿ, ಲಿಂಡ್‌ಹೋಮ್, ಟ್ರೂಬಾ, ಡಂಬಾ ದೀರ್ಘಕಾಲ ಗಟ್ಟಿಯಾಗಿ ನಿಂತರು. ಎರಡನೆಯವನಾಗಿ ಆಯ್ಕೆಯಾದ ಮರ್ರೆಯನ್ನು ಗಾಯಗಳು ಬಿಡಲಿಲ್ಲ. ನಾಲ್ಕನೆಯವನಾಗಿ ಆಯ್ಕೆಯಾದ ರೈನ್‌ಹಾರ್ಟ್ ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಟ್ಟು 37 ಪಂದ್ಯ. ಅದೇ ಡ್ರಾಫ್ಟ್‌ನಲ್ಲಿ ಕಾಲ್ಟನ್ ಪರೇಕೊ 86ನೆಯವನಾಗಿ, ಜೇಕಬ್ ಸ್ಲಾವಿನ್ 120ನೆಯವನಾಗಿ ಆಯ್ಕೆಯಾದಾಗ ಕೇಳಿದವರೇ ಕಡಿಮೆ. 2025ರ ಫೆಬ್ರುವರಿಯಲ್ಲಿ ಬಾಸ್ಟನ್‌ನಲ್ಲಿ ಕೆನಡಾ ಮತ್ತು ಅಮೆರಿಕ ನಾಲ್ಕು ರಾಷ್ಟ್ರಗಳ ಟೂರ್ನಿಯ ಫೈನಲ್ ಆಡಿದಾಗ ಪರೇಕೊ ಒಂದು ಕಡೆ, ಸ್ಲಾವಿನ್ ಇನ್ನೊಂದು ಕಡೆ ರಕ್ಷಣೆಗೆ ನಿಂತಿದ್ದರು. ಮೊದಲ ಹತ್ತರೊಳಗೆ ಬಂದಿದ್ದ ಆ ಎಂಟು ಮಂದಿಯಲ್ಲಿ ಒಬ್ಬನೂ ಆ ದಿನ ಕಣದಲ್ಲಿರಲಿಲ್ಲ.

ಪ್ರತಿಭೆ ಗುರುತಿಸುವವರ ಕಣ್ಣು ಮಂಜಾಗಿತ್ತು ಎಂದು ಇದನ್ನು ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. 18ರ ಡಿಫೆಂಡರ್ ಮುಂದೆ ಏನಾಗುತ್ತಾನೆ ಎಂಬುದು ಅವನು ಎಷ್ಟನೆಯವನಾಗಿ ಆಯ್ಕೆಯಾದ ಎಂಬುದಕ್ಕಿಂತ ಹೆಚ್ಚಾಗಿ, ಆನಂತರದ ಮೂರ್ನಾಲ್ಕು ವರ್ಷ ಎಲ್ಲಿ, ಯಾರ ಎದುರು ಆಡಿದ ಎಂಬುದರ ಮೇಲೆ ನಿಂತಿದೆ. ಕೆನಡಾದ ಹುಡುಗರ ಮಟ್ಟಿಗೆ ಆ ವರ್ಷಗಳನ್ನು ಬಹುಕಾಲ ನಿರ್ಧರಿಸಿದ್ದು ಕೋಚ್‌ಗಳಲ್ಲ, ಒಂದು ಒಪ್ಪಂದದ ಕಾಗದ.

ಹಾಕಿ ಎಂದೊಡನೆ ನಮಗೆ ಕೊಡಗು ನೆನಪಾಗುತ್ತದೆ. ಇಲ್ಲಿ ಮಾತು ಬೇರೆ ಆಟದ್ದು, ಹಿಮದ ಹಾಸಿನದ್ದು. ಒಂದು ಹೊತ್ತಿಗೆ ಗೋಲು ಕಾಯುವ ಗೋಲಿಯ ಜೊತೆ ಮೂವರು ಫಾರ್ವರ್ಡ್, ಇಬ್ಬರು ಡಿಫೆಂಡರ್ ಕಣದಲ್ಲಿರುತ್ತಾರೆ. ಫಾರ್ವರ್ಡ್ ತಪ್ಪಿದರೆ ಅವನ ಹಿಂದೆ ಮುಚ್ಚಿಕೊಳ್ಳುವವರಿದ್ದಾರೆ. ಡಿಫೆಂಡರ್ ತಪ್ಪಿದರೆ ಹಿಂದೆ ಉಳಿಯುವುದು ಗೋಲಿ ಮಾತ್ರ. ಆತ ಹಿಮ್ಮುಖವಾಗಿ ಸ್ಕೇಟ್ ಮಾಡುತ್ತಲೇ ಎದುರಾಳಿಯ ಜೊತೆ ಅಂತರ ಕಾಯಬೇಕು. ಮೂಲೆಗೆ ಹೋದ ಪಕ್ಕನ್ನು (ಚೆಂಡಿನ ಬದಲಿನ ರಬ್ಬರ್ ಬಿಲ್ಲೆ), ಬೆನ್ನಿಗೆ ಒಬ್ಬ ನುಗ್ಗಿ ಬರುತ್ತಿರುವಾಗಲೇ ಎತ್ತಿಕೊಂಡು ಮೊದಲ ಪಾಸ್ ಕೊಡಬೇಕು. ಆ ಪಾಸ್‌ಗೆ ಸಿಗುವುದು ಒಂದು ಸೆಕೆಂಡೋ ಅದಕ್ಕೂ ಕಡಿಮೆಯೋ. ಇದು ಹುಟ್ಟಿನಿಂದ ಬರುವ ಚಾಕಚಕ್ಯತೆಯಲ್ಲ. ನೂರಾರು ಸಲ ಒದೆ ತಿಂದು, ಮೈ ಬಲಿತು, ಆಟ ಓದಲು ಕಲಿತ ಮೇಲೆ ಬರುವಂಥದ್ದು. ಡಿಫೆಂಡರ್‌ಗಳು ನಿಧಾನವಾಗಿ ಪಕ್ವವಾಗುತ್ತಾರೆ ಎಂದು ಹಳೆಯ ಕೋಚ್‌ಗಳು ಹೇಳುತ್ತಿದ್ದ ಮಾತಿಗೆ ಡಂಕನ್ ಕೀತ್ ಒಳ್ಳೆಯ ಸಾಕ್ಷಿ. 2002ರಲ್ಲಿ 54ನೆಯವನಾಗಿ ಆಯ್ಕೆಯಾದ ಆತ ಎರಡು ಋತುಗಳನ್ನು ಕೆಳಗಿನ ವೃತ್ತಿಪರ ಲೀಗ್‌ನಲ್ಲಿ ಕಳೆದು ಬಂದ, ಆಮೇಲೆ ಶಿಕಾಗೊ ತಂಡದಲ್ಲಿ ಎನ್‌ಎಚ್‌ಎಲ್ ಚಾಂಪಿಯನ್ನರ ಸ್ಟ್ಯಾನ್ಲಿ ಕಪ್ ಮೂರು ಸಲ ಎತ್ತಿದ.

ಜಾಗಗಳೂ ಕಡಿಮೆ. 32 ಕ್ಲಬ್‌ಗಳು, ಪಂದ್ಯಕ್ಕೆ ತಲಾ ಆರು ಡಿಫೆಂಡರ್‌ಗಳು, ಅಂದರೆ 192 ಸ್ಥಾನ. ಇವುಗಳಲ್ಲಿ ಬಹುಪಾಲನ್ನು ಈಗಾಗಲೇ 25 ದಾಟಿದವರು ಹಿಡಿದು ಕುಳಿತಿದ್ದಾರೆ. ಡ್ರಾಫ್ಟ್ ಏಳು ಸುತ್ತಿನದ್ದು, ವರ್ಷಕ್ಕೆ 224 ಹೊಸ ಹೆಸರುಗಳು. ಇವರಲ್ಲಿ ಮೂರರಲ್ಲೊಬ್ಬ ಡಿಫೆಂಡರ್ ಎಂದುಕೊಂಡರೂ ಲೆಕ್ಕ ತಾನಾಗಿ ಅರ್ಥವಾಗುತ್ತದೆ.

ಈಗ ಆ ಒಪ್ಪಂದದ ಕಾಗದಕ್ಕೆ ಬರೋಣ. ಕೆನಡಾದ ಪ್ರಮುಖ ಜೂನಿಯರ್ ಆಟ ಮೂರು ಲೀಗ್‌ಗಳದ್ದು: ಒಂಟಾರಿಯೊ, ಪಶ್ಚಿಮ ಮತ್ತು ಕ್ವಿಬೆಕ್ ಕಡೆಯದ್ದು. ಒಟ್ಟಿಗೆ ಸಿಎಚ್‌ಎಲ್. 16ರಿಂದ 20ರವರೆಗಿನ ಹುಡುಗರು ಇಲ್ಲಿ ಆಡುತ್ತಾರೆ. ಎನ್‌ಎಚ್‌ಎಲ್‌ಗಿಂತ ಒಂದು ಮೆಟ್ಟಿಲು ಕೆಳಗೆ ಎಎಚ್‌ಎಲ್ ಎಂಬ ವೃತ್ತಿಪರ ಲೀಗ್ ಇದೆ. ಅಲ್ಲಿ ಪಳಗಿದ ಗಂಡಸರ ಆಟ. ಸಿಎಚ್‌ಎಲ್ ಮತ್ತು ಎನ್‌ಎಚ್‌ಎಲ್ ನಡುವಿನ ಒಪ್ಪಂದದ ಪ್ರಕಾರ, ಸಿಎಚ್‌ಎಲ್‌ನಿಂದ ಆಯ್ಕೆಯಾದ ಹುಡುಗ 20 ತುಂಬುವವರೆಗೆ, ಇಲ್ಲವೇ ಜೂನಿಯರ್‌ನಲ್ಲಿ ನಾಲ್ಕು ಋತು ಮುಗಿಸುವವರೆಗೆ, ಎಎಚ್‌ಎಲ್‌ನಲ್ಲಿ ಕಾಯಂ ಆಡುವಂತಿರಲಿಲ್ಲ. ಆಡಿದರೆ ನೇರ ಎನ್‌ಎಚ್‌ಎಲ್, ಇಲ್ಲದಿದ್ದರೆ ಮರಳಿ ಜೂನಿಯರ್. ಅಂಡರ್–19ರಲ್ಲಿ ಮಿಂಚಿದ ಹುಡುಗನಿಗೆ ‘ರಣಜಿ ಆಡುವಂತಿಲ್ಲ; ಆಡುವುದಾದರೆ ಟೆಸ್ಟ್ ಆಡು, ಇಲ್ಲವಾದರೆ ಅಂಡರ್–19ಕ್ಕೇ ವಾಪಸ್ ಹೋಗು’ ಎಂದಂತೆ.

ಅದೇ ನಿಯಮ ಸ್ವೀಡನ್‌ನಿಂದ ಆಯ್ಕೆಯಾದವನಿಗೆ ಇರಲಿಲ್ಲ. 2012ರ ಎಂಟು ಮಂದಿಯಲ್ಲಿ ಲಿಂಡ್‌ಹೋಮ್ ಸ್ವೀಡಿಷ್ ಹುಡುಗ. ಆಯ್ಕೆಯಾದ ಋತುವಿನಲ್ಲೇ, 18ರ ವಯಸ್ಸಿನಲ್ಲಿ, ಆತ ನಾರ್ಫೋಕ್ ಊರಿನ ಎಎಚ್‌ಎಲ್ ತಂಡದಲ್ಲಿ ತನಗಿಂತ ಹತ್ತು ವರ್ಷ ದೊಡ್ಡವರೆದುರು ಆಡಿದ. ಮರುವರ್ಷವೇ ಅನಾಹೈಮ್ ತಂಡದ ಕಾಯಂ ಡಿಫೆಂಡರ್ ಆದ. ಅಮೆರಿಕದ ಟ್ರೂಬಾ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಆಡಿ ಬಂದ. ಉಳಿದ ಆರೂ ಮಂದಿ ಸಿಎಚ್‌ಎಲ್‌ನವರು. ಆರೂ ಮಂದಿ ಜೂನಿಯರ್‌ಗೆ ಮರಳಿದರು. ಆ ವರ್ಷ ಕ್ಲಬ್ ಮಾಲೀಕರು ಮತ್ತು ಆಟಗಾರರ ಸಂಘದ ಜಗಳದಿಂದ ಎನ್‌ಎಚ್‌ಎಲ್ ಜನವರಿಯವರೆಗೆ ಬಾಗಿಲು ಹಾಕಿತ್ತು ಎಂಬುದೂ ನಿಜ.

ಪೂಲಿಯೊ ಪೋರ್ಟ್‌ಲ್ಯಾಂಡ್ ತಂಡಕ್ಕೆ ಹಿಂದಿರುಗಿ ಇನ್ನೆರಡು ಋತು ಆಡಿ, 2014ರಲ್ಲಿ ಪಶ್ಚಿಮ ಲೀಗ್‌ನ ಶ್ರೇಷ್ಠ ಡಿಫೆಂಡರ್ ಪ್ರಶಸ್ತಿ ಪಡೆದ. ರೈನ್‌ಹಾರ್ಟ್ ಎಡ್ಮಂಟನ್ ಜೂನಿಯರ್ ತಂಡದ ಜೊತೆ ಅದೇ ವರ್ಷ ಸಿಎಚ್‌ಎಲ್ ಚಾಂಪಿಯನ್ನರ ಮೆಮೋರಿಯಲ್ ಕಪ್ ಗೆದ್ದ. ಇಬ್ಬರೂ ಜೂನಿಯರ್‌ನಲ್ಲಿ ಕಲಿಯಬೇಕಾದದ್ದನ್ನು ಕಲಿತು ಮುಗಿಸಿದ್ದರು. ಎದುರು ಇದ್ದವರಲ್ಲಿ ಅನೇಕರು 16, 17ರ ಹುಡುಗರು. ಪಕ್ಕನ್ನು ಎರಡು ಸೆಕೆಂಡ್ ಹೆಚ್ಚು ಹಿಡಿದುಕೊಂಡರೂ ಶಿಕ್ಷೆಯಿಲ್ಲ, ಜಾಗ ತಪ್ಪಿ ನಿಂತರೂ ಕಾಲಿನ ವೇಗದಿಂದ ಸರಿಪಡಿಸಿಕೊಳ್ಳಬಹುದು. ಹೀಗೆ ಕಲಿತ ಚಾಳಿ ಮೇಲಿನ ಲೀಗ್‌ನಲ್ಲಿ ಮೊದಲ ವಾರವೇ ಬಯಲಾಗುತ್ತದೆ. ಜೂನಿಯರ್‌ನ ಗೋಲು, ಪಾಯಿಂಟ್‌ಗಳ ಪಟ್ಟಿ ಡಿಫೆಂಡರ್ ವಿಷಯದಲ್ಲಿ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಮೇಲೆ ಗಟ್ಟಿಯಾಗಿ ನೆಲೆಯೂರಲಾಗದ ಪೂಲಿಯೊಗಿಂತ ಬೇರೆ ಉದಾಹರಣೆ ಬೇಕಿಲ್ಲ.

ಆದರೂ ಎಲ್ಲವನ್ನೂ ನಿಯಮದ ತಲೆಗೆ ಕಟ್ಟಲಾಗದು. ರೈಲಿ ಕೂಡ ಒಂದು ವರ್ಷ ಮೂಸ್ ಜಾ ಎಂಬ ಪುಟ್ಟ ಊರಿಗೆ ಹಿಂದಿರುಗಿ ಆಡಿದವನೇ. ಆಮೇಲೆ ಟೊರಾಂಟೊ ತಂಡದಲ್ಲಿ ಹತ್ತು ವರ್ಷಕ್ಕೂ ಹೆಚ್ಚು ನಿಂತ. ಒಂದು ವರ್ಷ ಹೆಚ್ಚಿನ ಜೂನಿಯರ್ ಆಟ ಯಾರನ್ನೂ ಕೆಡಿಸುವುದಿಲ್ಲ. ಎರಡನೆಯ ವರ್ಷದ ಬಗ್ಗೆ, ಅಂದರೆ 19ರಿಂದ 20ರವರೆಗಿನ ವರ್ಷದ ಬಗ್ಗೆ ನನ್ನ ತಕರಾರು.

ಇನ್ನೊಂದು ಪಟ್ಟಿ ನೋಡಿ. ಎನ್‌ಎಚ್‌ಎಲ್‌ನ ವರ್ಷದ ಶ್ರೇಷ್ಠ ಡಿಫೆಂಡರ್‌ಗೆ ನಾರಿಸ್ ಟ್ರೋಫಿ ಕೊಡುತ್ತಾರೆ. 2020ರಿಂದ 2025ರವರೆಗೆ ಗೆದ್ದವರು ಕ್ರಮವಾಗಿ ರೋಮನ್ ಯೋಸಿ, ಆಡಂ ಫಾಕ್ಸ್, ಕೇಲ್ ಮಕಾರ್, ಎರಿಕ್ ಕಾರ್ಲ್‌ಸನ್, ಕ್ವಿನ್ ಹ್ಯೂಸ್, ಮತ್ತೆ ಮಕಾರ್. ಯೋಸಿ ಸ್ವಿಟ್ಜರ್ಲೆಂಡ್, ಕಾರ್ಲ್‌ಸನ್ ಸ್ವೀಡನ್. ಫಾಕ್ಸ್ ಹಾರ್ವರ್ಡ್‌ನಿಂದ ಬಂದವನು, ಹ್ಯೂಸ್ ಮಿಷಿಗನ್‌ನಿಂದ. ಆರು ವರ್ಷಗಳಲ್ಲಿ ಸಿಎಚ್‌ಎಲ್ ದಾರಿಯಲ್ಲಿ ಬಂದವರು ಒಬ್ಬರೂ ಇಲ್ಲ. ಅದಕ್ಕೂ ಮೊದಲಿನ ಡ್ರೂ ಡೌಟಿ, ಮಾರ್ಕ್ ಜಿಯೋರ್ಡಾನೊ ಒಂಟಾರಿಯೊ ಲೀಗ್‌ನವರು ನಿಜ, ಆದರೆ ಗಾಳಿ ಯಾವ ಕಡೆ ತಿರುಗಿದೆ ಎಂಬುದು ಸ್ಪಷ್ಟ.

ಈ ಪಟ್ಟಿಯಲ್ಲಿ ನನ್ನ ಗಮನ ಸೆಳೆಯುವವನು ಮಕಾರ್. ಕ್ಯಾಲ್ಗರಿಯಲ್ಲಿ ಹುಟ್ಟಿದ ಅಪ್ಪಟ ಕೆನಡಾ ಹುಡುಗ. ಪಶ್ಚಿಮ ಲೀಗ್‌ನ ಕ್ಲಬ್ಬೊಂದು ಅವನ ಹಕ್ಕು ಪಡೆದಿತ್ತು. ಆತ ಹೋಗಲಿಲ್ಲ. ಬ್ರೂಕ್ಸ್ ಎಂಬ ಸಣ್ಣ ಊರಿನ, ಒಂದು ದರ್ಜೆ ಕೆಳಗಿನ ಜೂನಿಯರ್ ತಂಡದಲ್ಲಿ ಆಡಿದ. ಕಾರಣ, ಸಿಎಚ್‌ಎಲ್‌ನಲ್ಲಿ ಆಡಿದವನನ್ನು ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾ ಸಂಸ್ಥೆ ಎನ್‌ಸಿಎಎ ಆಗ ವೃತ್ತಿಪರ ಎಂದೇ ಎಣಿಸುತ್ತಿತ್ತು. ಅಂಥವನಿಗೆ ಕಾಲೇಜು ಹಾಕಿಯ ಬಾಗಿಲು ಮುಚ್ಚಿದಂತೆಯೇ. 2017ರಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ ಮೇಲೂ ಮಕಾರ್ ಅವಸರ ಮಾಡಲಿಲ್ಲ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಆಡಿ, 2019ರಲ್ಲಿ ಶ್ರೇಷ್ಠ ಕಾಲೇಜು ಆಟಗಾರ ಎನಿಸಿಕೊಂಡು, ಅದೇ ಏಪ್ರಿಲ್‌ನಲ್ಲಿ ಕೊಲರಾಡೊ ತಂಡದಲ್ಲಿ ನೇರವಾಗಿ ಪ್ಲೇಆಫ್‌ಗೆ ಇಳಿದ, ಮೊದಲ ಪಂದ್ಯದಲ್ಲೇ ಗೋಲು ಹೊಡೆದ.

ಕಾಲೇಜು ಹಾಕಿಯ ಲಾಭ ಪದವಿ ಮಾತ್ರವಲ್ಲ. ಜೂನಿಯರ್ ಋತುವಿನಲ್ಲಿ 68ರವರೆಗೆ ಪಂದ್ಯ, ಪಶ್ಚಿಮ ಲೀಗ್‌ನಲ್ಲಂತೂ ರಾತ್ರಿಯಿಡೀ ಬಸ್ ಪ್ರಯಾಣ. ಕಾಲೇಜಿನಲ್ಲಿ ಪಂದ್ಯಗಳು ಅದರ ಅರ್ಧದಷ್ಟು, ಹೆಚ್ಚಿನವು ಶುಕ್ರವಾರ, ಶನಿವಾರ. ವಾರದ ಉಳಿದ ದಿನ ಜಿಮ್, ಅಭ್ಯಾಸ. ಎದುರಾಳಿಗಳಲ್ಲಿ 22, 23 ದಾಟಿದವರೂ ಇರುತ್ತಾರೆ. ಮೈ ತುಂಬಿಕೊಳ್ಳಬೇಕಾದ ಡಿಫೆಂಡರ್‌ಗೆ ಇದಕ್ಕಿಂತ ಬೇಕೇನು? ಪರೇಕೊ ಹದಿಹರೆಯದಲ್ಲಿ ಗಿಡ್ಡಗಿದ್ದವನು, ತಡವಾಗಿ ಬೆಳೆದು ಆರೂವರೆ ಅಡಿಯಾದ. 2011ರ ಡ್ರಾಫ್ಟ್‌ನಲ್ಲಿ ಯಾರೂ ಕೈಹಾಕದ ಆತನಿಗೆ ಅಲಾಸ್ಕಾದ ಕಾಲೇಜಿನ ಮೂರು ವರ್ಷ ಸಮಯ ಕೊಟ್ಟಿತು. ಅಷ್ಟು ಸಮಯ ಸಿಎಚ್‌ಎಲ್‌ನ ಹುಡುಗನಿಗೆ ಸಿಗುತ್ತಿರಲಿಲ್ಲ: ಆಯ್ಕೆ ಮಾಡಿದ ಕ್ಲಬ್‌ಗೆ ಅವನ ಮೇಲಿನ ಹಕ್ಕು ಆಗ ಎರಡು ವರ್ಷದ್ದಾಗಿತ್ತು, ಕಾಲೇಜು ಸೇರಿದವನ ಮೇಲೆ ನಾಲ್ಕು.

2024ರ ನವೆಂಬರ್‌ನಲ್ಲಿ ಎನ್‌ಸಿಎಎ ತನ್ನ ನಿಷೇಧವನ್ನು ತೆಗೆಯಿತು. 2025ರ ಆಗಸ್ಟ್‌ನಿಂದ ಸಿಎಚ್‌ಎಲ್‌ನಲ್ಲಿ ಆಡಿದವನೂ ಕಾಲೇಜಿಗೆ ಹೋಗಬಹುದು. ಪ್ರವಾಹ ಕೂಡಲೇ ಹರಿಯಿತು. ವಿಕ್ಟೋರಿಯಾದ ಜೂನಿಯರ್ ತಂಡದ ಡಿಫೆಂಡರ್ ಕೀಟನ್ ವರ್ಹಾಫ್ ಡ್ರಾಫ್ಟ್‌ಗೂ ಮುನ್ನವೇ ನಾರ್ತ್ ಡಕೋಟ ವಿಶ್ವವಿದ್ಯಾಲಯ ಸೇರಿದ. ಇದರ ಬೆನ್ನಿಗೇ ಎನ್‌ಎಚ್‌ಎಲ್ ಮತ್ತು ಆಟಗಾರರ ಸಂಘ 2025ರಲ್ಲಿ ಮಾಡಿಕೊಂಡ ಹೊಸ ಒಪ್ಪಂದ, 2026–27ರ ಋತುವಿನಿಂದ ಕ್ಲಬ್ಬಿಗೆ ಒಬ್ಬನಂತೆ 19ರ ಹುಡುಗನನ್ನು ಎಎಚ್‌ಎಲ್‌ಗೆ ಕಳಿಸಲು ದಾರಿ ಮಾಡಿತು.

ಜೂನಿಯರ್ ಕ್ಲಬ್‌ಗಳ ಸಂಕಟ ಸುಳ್ಳಲ್ಲ. ಮೂಸ್ ಜಾ, ರೆಡ್ ಡಿಯರ್, ಓವನ್ ಸೌಂಡ್‌ನಂಥ ಊರುಗಳಲ್ಲಿ ಚಳಿಗಾಲದ ಸಂಜೆ ಜನ ಸೇರುವುದೇ ಹಾಕಿ ಅಂಗಳದಲ್ಲಿ. ಹುಡುಗರನ್ನು 16ಕ್ಕೆ ತಂದು, ಊರಿನ ಮನೆಗಳಲ್ಲಿ ಇರಿಸಿ, ಬೆಳೆಸಿ, ಅವರು ತಂಡದ ಬೆನ್ನೆಲುಬಾಗುವ ಹೊತ್ತಿಗೆ ಮೇಲಿನವರು ಎತ್ತಿಕೊಂಡು ಹೋದರೆ ಟಿಕೆಟ್ ಕೊಳ್ಳುವವರು ಯಾರು? ಆಡಿದ ಪ್ರತಿ ಋತುವಿಗೆ ಒಂದು ವರ್ಷದ ಕಾಲೇಜು ಶುಲ್ಕ ಭರಿಸುವ ವ್ಯವಸ್ಥೆಯೂ ಈ ಲೀಗ್‌ಗಳಲ್ಲಿದೆ. ಹುಡುಗರನ್ನು ಹಿಂಡಿ ಬಿಸಾಡುವ ಸಂಸ್ಥೆಗಳು ಇವು ಎಂದು ನಾನು ಹೇಳಲಾರೆ. ಆದರೆ ಒಂದು ಊರಿನ ಟಿಕೆಟ್ ಮಾರಾಟಕ್ಕಾಗಿ ಹುಡುಗನ 19ನೇ ವರ್ಷವನ್ನು ಅಡವಿಡುವುದು ನ್ಯಾಯವೂ ಅಲ್ಲ. ನಷ್ಟಕ್ಕೆ ಪರಿಹಾರ ಕೊಡಬೇಕಾದವರು ಎನ್‌ಎಚ್‌ಎಲ್‌ನ ಶ್ರೀಮಂತ ಮಾಲೀಕರು, ಹದಿಹರೆಯದ ಆಟಗಾರನಲ್ಲ.

ಜೂನಿಯರ್ ದಾರಿ ಮುಗಿದುಹೋಯಿತು ಎನ್ನುವವರು ಕೆವಿನ್ ಬಾಲ್‌ನನ್ನು ನೋಡಬೇಕು. ಮಿಸಿಸಾಗಾದ, ಭಾರತೀಯ ಮೂಲದ ತಂದೆಯ ಮಗ, ಎತ್ತರದ ಡಿಫೆಂಡರ್. 2018ರಲ್ಲಿ 55ನೆಯವನಾಗಿ ಆಯ್ಕೆಯಾದ. ಆಟ ಆಕರ್ಷಕವಲ್ಲ, ಪಾಯಿಂಟ್‌ಗಳೂ ಹೆಚ್ಚಿಲ್ಲ. ಒಟ್ಟಾವ ಜೂನಿಯರ್ ತಂಡದಲ್ಲಿ ನಾಲ್ಕು ಋತು, 2020ರಲ್ಲಿ ಕೆನಡಾ ಜೊತೆ ವಿಶ್ವ ಜೂನಿಯರ್ ಚಿನ್ನ, ಆಮೇಲೆ ಎಎಚ್‌ಎಲ್‌ನಲ್ಲಿ ಪಳಗಿ 22ರ ಹೊತ್ತಿಗೆ ನ್ಯೂಜೆರ್ಸಿಯಲ್ಲಿ ಕಾಲೂರಿದ. ಆಮೇಲೆ ಸೇರಿದ ಕ್ಯಾಲ್ಗರಿ ತಂಡ 2025ರಲ್ಲಿ ಅವನಿಗೆ ಆರು ವರ್ಷದ ಒಪ್ಪಂದ ಕೊಟ್ಟಿತು. ನಿಧಾನವಾಗಿ, ಮೆಟ್ಟಿಲು ಬಿಡದೆ ಹತ್ತಿದ್ದಕ್ಕೆ ಸಿಕ್ಕ ಫಲ.

ಇನ್ನು ಮ್ಯಾಥ್ಯೂ ಶೇಫರ್. ಈರಿ ಊರಿನ ಜೂನಿಯರ್ ತಂಡದ ಈ ಡಿಫೆಂಡರ್ ಕೊರಳೆಲುಬು ಮುರಿದು ಕೊನೆಯ ಋತುವಿನಲ್ಲಿ ಆಡಿದ್ದೇ 17 ಪಂದ್ಯ. ಆದರೂ 2025ರ ಡ್ರಾಫ್ಟ್‌ನಲ್ಲಿ ಮೊದಲನೆಯವನಾಗಿ ಆಯ್ಕೆಯಾಗಿ, ಅಕ್ಟೋಬರ್‌ನಲ್ಲಿ 18ಕ್ಕೇ ನ್ಯೂಯಾರ್ಕ್ ಐಲ್ಯಾಂಡರ್ಸ್ ಪರ ಕಣಕ್ಕಿಳಿದ. ಇಂಥವನು ಸಿಕ್ಕಾಗ ಯಾವ ನಿಯಮವೂ ಬೇಕಿಲ್ಲ. ತೊಂದರೆ ಏನೆಂದರೆ, ಪ್ರತಿ ಮನೆಯಲ್ಲೂ ತಂದೆ ತಾಯಿ ತಮ್ಮ ಮಗನನ್ನು ಶೇಫರ್‌ಗೆ ಹೋಲಿಸುತ್ತಾರೆ. ಹೋಲಿಸಬೇಕಾದದ್ದು ಬಾಲ್‌ಗೆ, ಪರೇಕೊಗೆ.

ಹೊಸ ಒಪ್ಪಂದದ ‘ಕ್ಲಬ್ಬಿಗೆ ಒಬ್ಬ’ ಎಂಬ ಮಿತಿಯನ್ನು ನಾನು ಒಪ್ಪುವುದಿಲ್ಲ. ಇರುವುದು ಒಂದೇ ಜಾಗವಾದರೆ ಕ್ಲಬ್ ಅದನ್ನು ಗೋಲು ಹೊಡೆಯುವ ಫಾರ್ವರ್ಡ್‌ಗೇ ಕೊಡುವ ಸಂಭವ ಹೆಚ್ಚು. ಡಿಫೆಂಡರ್ ಮತ್ತೆ ಬಸ್ ಹತ್ತುತ್ತಾನೆ. ಈ ಮಿತಿಯನ್ನು ತೆಗೆದು, ಜೂನಿಯರ್ ಕ್ಲಬ್‌ಗಳಿಗೆ ತಕ್ಕ ಪರಿಹಾರ ಕೊಟ್ಟು, 19ರ ಡಿಫೆಂಡರ್ ಜೂನಿಯರ್, ಕಾಲೇಜು, ಎಎಚ್‌ಎಲ್ ಈ ಮೂರರಲ್ಲಿ ಎಲ್ಲಿ ಆಡಬೇಕೆಂಬುದನ್ನು ಅವನ ಆಟ ನೋಡಿದ ಕೋಚ್ ಮತ್ತು ಅವನ ಮನೆಯವರ ತೀರ್ಮಾನಕ್ಕೆ ಬಿಡಬೇಕು.